ಇಳಿಜಾರಿನಲ್ಲಿ ತಾನೇ ಇಂಜಿನ್ ನಿಲ್ಲಿಸುವ ಕಾರು

ಇದನ್ನು ಬರೆಯುವುದನ್ನು ನಾನು ಮುಂದೂಡುತ್ತ ಬಂದು ಹದಿನೈದು ವರ್ಷಕ್ಕೂ ಮೇಲಾಯಿತು. 2007ರಲ್ಲಿ ಮಗಳ ಮನೆಗೆಂದು ನ್ಯೂಜಿಲೆಂಡಿಗೆ ಹೋಗಿ ಬಂದಾಗ ತುಮಕೂರಿನ ಉಪ್ಪಾರಹಳ್ಳಿಯಲ್ಲಿ ನಮ್ಮ ಬೀದಿಯವರೆಲ್ಲ ಸುತ್ತ ಕೂತು ಕೇಳಿದರು. ಗಾಳಿ ಜಾಸ್ತಿ, ಕುರಿ ಜಾಸ್ತಿ, ಜನ ಕಮ್ಮಿ ಎಂದು ಹೇಳಿ ಮುಗಿಸಿಬಿಟ್ಟೆ. ಅಲ್ಲಿ ಓಡಿಸಿದ ಕಾರಿನ ಸುದ್ದಿ ಎತ್ತಲಿಲ್ಲ. ಮೂವತ್ತು ವರ್ಷ ಬಾಡಿಗೆ ವ್ಯಾನು ಇಟ್ಟುಕೊಂಡು ಬದುಕಿದವನು ಪರದೇಶದ ಕಾರಿನ ಬಗ್ಗೆ ಬಾಯಿ ಬಿಡಲಿಲ್ಲವಲ್ಲ ಎಂದು ಯಾರಿಗೂ ಅನ್ನಿಸಲಿಲ್ಲ.

ಕಾರಿನ ಬಗ್ಗೆ ಹೇಳಿದರೆ ನನ್ನ ವ್ಯಾನಿನ ಬಗ್ಗೆ ಹೇಳಬೇಕಾಗುತ್ತಿತ್ತು. ವ್ಯಾನಿನ ಬಗ್ಗೆ ಹೇಳಿದರೆ ಅದನ್ನು ಓಡಿಸುತ್ತಿದ್ದ ಗುಬ್ಬಿಯ ಡ್ರೈವರ್ ಬಗ್ಗೆ. 1996ರಲ್ಲಿ ಕುಣಿಗಲ್ ರಸ್ತೆಯಲ್ಲಿ ಮದುವೆ ದಿಬ್ಬಣದ ಸಮೇತ ಆ ವ್ಯಾನು ಹಳ್ಳಕ್ಕಿಳಿಯಿತು. ಇಳಿಜಾರಿನಲ್ಲಿ ಡ್ರೈವರ್ ಇಂಜಿನ್ ಆಫ್ ಮಾಡಿದ್ದೇ ಕಾರಣ ಎಂದು ಊರೆಲ್ಲ ನಂಬಿತು. ಹಾಗೆ ನಂಬಿಸಿದವನು ನಾನು. ಅವನು ಆಫ್ ಮಾಡಿರಲಿಲ್ಲ.

ಇಷ್ಟು ಹೇಳಿದ ಮೇಲೆ ಉಳಿದದ್ದು ಹೇಳುವುದು ಸುಲಭ. ವಿಮಾನದಿಂದ ಶುರು ಮಾಡುತ್ತೇನೆ.

ಆಕ್ಲೆಂಡ್ ವಿಮಾನ ನಿಲ್ದಾಣ

ನನ್ನ ಹೆಂಡತಿ ಬರಲಿಲ್ಲ. ಅಷ್ಟು ಹೊತ್ತು ವಿಮಾನದಲ್ಲಿ ನಿಮ್ಮ ಪಕ್ಕ ಕೂರುವುದಕ್ಕಿಂತ ಎರಡು ತಿಂಗಳು ನೀವಿಲ್ಲದೆ ಮನೆಯಲ್ಲಿರುವುದೇ ಆರಾಮ ಎಂದಳು. ನಾನೊಬ್ಬನೇ ಹೋದೆ.

ಮಗಳು ನಸೀಮಾ ಫೋನಿನಲ್ಲಿ ನೂರು ಸಲ ಹೇಳಿದ್ದಳು: ತಿನ್ನುವ ಪದಾರ್ಥ ಏನೇ ಇದ್ದರೂ ಫಾರಂನಲ್ಲಿ ಬರೆಯಿರಿ, ಮುಚ್ಚಿಡಬೇಡಿ. ನಾನು ಉಪ್ಪಿನಕಾಯಿ, ಹುರಿಗಡಲೆ, ಖರ್ಜೂರ ಎಲ್ಲ ಬರೆದೆ. ಅಧಿಕಾರಿ ಹೆಂಗಸು ಉಪ್ಪಿನಕಾಯಿಯನ್ನು ನೋಡಿ ನಕ್ಕು ಬಿಟ್ಟುಬಿಟ್ಟಳು. ಆಮೇಲೆ ನನ್ನ ಬ್ಯಾಗಿನಲ್ಲಿದ್ದ ಹಳೆಯ ಬೂಟು ತೆಗೆದು ತಿರುಗಿಸಿ ನೋಡಿದಳು. ಅಡಿಯಲ್ಲಿ ಉಪ್ಪಾರಹಳ್ಳಿಯ ಕೆಂಪು ಮಣ್ಣು. ಬೂಟನ್ನು ಒಳಗೆ ತೆಗೆದುಕೊಂಡು ಹೋದಳು. ಹೋಯಿತು ಬೂಟು ಎಂದುಕೊಂಡೆ. ಹತ್ತು ನಿಮಿಷದಲ್ಲಿ ತೊಳೆದು, ಒರೆಸಿ, ಎರಡೂ ಕೈಯಲ್ಲಿ ತಂದು ಕೊಟ್ಟಳು. ಸರ್ಕಾರಿ ನೌಕರರೊಬ್ಬರು ನನ್ನ ಬೂಟು ತೊಳೆದು ಕೊಟ್ಟದ್ದನ್ನು ನಮ್ಮೂರಲ್ಲಿ ಹೇಳಿದರೆ ಇಂದಿಗೂ ಯಾರೂ ನಂಬುವುದಿಲ್ಲ.

ಅಲ್ಲಿಂದ ಇನ್ನೊಂದು ಚಿಕ್ಕ ವಿಮಾನದಲ್ಲಿ ವೆಲಿಂಗ್ಟನ್. ಅದು ಇಳಿಯುವಾಗ ಗಾಳಿಗೆ ಗುಬ್ಬಿ ರಸ್ತೆಯ ಆಟೋದಂತೆ ಕುಣಿಯಿತು. ಪಕ್ಕದಲ್ಲಿದ್ದ ಮುದುಕಿ ಪತ್ರಿಕೆಯಿಂದ ತಲೆ ಎತ್ತಲಿಲ್ಲ.

ಲೋವರ್ ಹಟ್, ಮೊದಲ ಬೆಳಿಗ್ಗೆ

ವೆಲಿಂಗ್ಟನ್‌ಗೆ ಅಂಟಿಕೊಂಡ ಲೋವರ್ ಹಟ್ ಎಂಬ ಊರಿನಲ್ಲಿ ಮಗಳ ಮನೆ. ಅಳಿಯ ಇಕ್ಬಾಲ್ ನಮ್ಮ ಕ್ಯಾತ್ಸಂದ್ರದವನೇ. ಅಲ್ಲೊಂದು ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುತ್ತಾನೆ. ಅವರ ಕಾರು ಜಪಾನಿನಲ್ಲಿ ಓಡಿ ಹಳೆಯದಾಗಿ ಹಡಗಿನಲ್ಲಿ ಬಂದದ್ದು. ನಾಲ್ಕು ಬಾಗಿಲು, ಹಿಂದೆ ಡಿಕ್ಕಿ, ನೋಡಲು ಸಂಸಾರಸ್ಥರ ಸಾಧಾರಣ ಕಾರು. ಆದರೆ ಹೈಬ್ರಿಡ್. ಪೆಟ್ರೋಲ್ ಇಂಜಿನ್ನೂ ಇದೆ, ಹಿಂದಿನ ಸೀಟಿನ ಬೆನ್ನಿಗೆ ದೊಡ್ಡ ಬ್ಯಾಟರಿ, ಜೊತೆಗೆ ಮೋಟಾರೂ ಇದೆ. ಯಾವಾಗ ಯಾವುದರಿಂದ ಓಡಬೇಕು ಎಂದು ಗಾಡಿಯೇ ತೀರ್ಮಾನಿಸುತ್ತದೆ. ಅಲ್ಲಿಯೂ ನಮ್ಮಂತೆ ರಸ್ತೆಯ ಎಡಗಡೆಯೇ ಓಡಿಸುವುದು. ನಮ್ಮ ಲೈಸೆನ್ಸೂ ನಡೆಯುತ್ತದೆ.

ಮೊದಲ ಬೆಳಿಗ್ಗೆ ಅವರಿಬ್ಬರೂ ಏಳುವ ಮುಂಚೆ ಕೀ ಹಿಡಿದು ಹೊರಗೆ ಹೋದೆ. ಕೀ ತಿರುಗಿಸಿದ ಕೂಡಲೇ ಒಳಗಿಂದ ಒಬ್ಬ ಹೆಂಗಸು ಜಪಾನಿ ಭಾಷೆಯಲ್ಲಿ ಏನೋ ಹೇಳಿದಳು. ಗಾಬರಿಯಿಂದ ಹಿಂದಿನ ಸೀಟು ನೋಡಿದೆ. ಯಾರೂ ಇಲ್ಲ. ಇಂಜಿನ್ ಸದ್ದೂ ಇಲ್ಲ. ಮತ್ತೆ ತಿರುಗಿಸಿದೆ. ಮತ್ತೆ ಆ ಹೆಂಗಸು. ಮತ್ತೆ ನಿಶ್ಶಬ್ದ. ಬ್ಯಾಟರಿ ಡೌನ್ ಎಂದು ಇಳಿದು ಬಾನೆಟ್ ಎತ್ತಿದೆ.

ಎದುರು ಮನೆಯ ಬ್ರಯನ್ ಎಂಬ ಮುದುಕ ನೋಡುತ್ತಿದ್ದ. ಮೈಮೇಲೆ ಎರಡು ಸ್ವೆಟರ್, ಕಾಲಲ್ಲಿ ಚಪ್ಪಲಿ ಕೂಡ ಇಲ್ಲ. ಆ ಚಳಿಯಲ್ಲಿ ಬರಿಗಾಲಲ್ಲೇ ರಸ್ತೆ ದಾಟಿ, ತನ್ನ ಕಾರಿನಿಂದ ನಮ್ಮ ಬ್ಯಾಟರಿಗೆ ಚಾರ್ಜ್ ಕೊಡುವ ಕೇಬಲ್ ಹೆಗಲಿಗೆ ಹಾಕಿಕೊಂಡು ಬಂದ. ನಾನು ಕರೆದಿರಲಿಲ್ಲ, ಅವನೂ ಏನು ಎತ್ತ ಎಂದು ಕೇಳಲಿಲ್ಲ. ಇಬ್ಬರೂ ಬಾನೆಟ್ಟಿನೊಳಗೆ ತಲೆ ಹಾಕಿ ಹತ್ತು ನಿಮಿಷ ನಿಂತೆವು. ಅಷ್ಟು ಹೊತ್ತಿಗೆ ನಸೀಮಾ ಬಂದಳು.

"ಅಬ್ಬಾ, ಏನ್ ಮಾಡ್ತಿದೀರ?"

"ಸ್ಟಾರ್ಟ್ ಆಗ್ತಿಲ್ಲ ಕಣಮ್ಮ."

"ಆಗೋಗಿದೆ ಅಬ್ಬಾ! ನೀವ್ ಕೀ ತಿರುಗ್ಸಿದಾಗ್ಲೇ ಆಗೋಗಿದೆ. ಇದು ಸದ್ದು ಮಾಡಲ್ಲ."

ಮನೆಯೊಳಗೆ ನಾವು ಆಡುವುದು ಉರ್ದು. ಆದರೆ ನಸೀಮಾ ಓದಿದ್ದು ಕನ್ನಡ ಶಾಲೆ. ಹೊರಗಿನವರ ಮುಂದೆ ನನ್ನನ್ನು ಬೈಯಬೇಕಾದಾಗ ಕನ್ನಡಕ್ಕೆ ತಿರುಗುತ್ತಾಳೆ. ಬ್ರಯನ್‌ಗೆ ಯಾವ ಭಾಷೆಯಾದರೂ ಒಂದೇ ಅಲ್ಲವೇನೇ ಎಂದು ಕೇಳಿದೆ. "ಅವ್ರಿಗೆ ಒಂದೇ, ನನಗೆ ಕನ್ನಡದಲ್ಲೇ ಬೈಯಕ್ ಬರೋದು" ಎಂದಳು.

ಆ ಜಪಾನಿ ಹೆಂಗಸು ಹೇಳುವುದೇನೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಲಾಂ ಹೇಳುತ್ತಾಳೆ ಎಂದು ಇಕ್ಬಾಲ್‌ನ ಅಂದಾಜು. ಅದಕ್ಕೇ ನಾನು ದಿನಾ ವಾಲೇಕುಂ ಸಲಾಂ ಹೇಳುತ್ತಿದ್ದೆ.

ಊರೊಳಗೆ

ಮೂರು ದಿನದಲ್ಲಿ ಗಾಡಿಗೆ ಕೈ ಹೊಂದಿಕೊಂಡಿತು. ಜನಕ್ಕೆ ಹೊಂದಿಕೊಳ್ಳುವುದು ಕಷ್ಟವಾಯಿತು. ಅಲ್ಲಿ ಆಗ ಒಂದು ನಿಯಮವಿತ್ತು: ನೀವು ಎಡಕ್ಕೆ ತಿರುಗುತ್ತಿದ್ದು, ಎದುರಿನವನು ಬಲಕ್ಕೆ ತಿರುಗಿ ಅದೇ ರಸ್ತೆಗೆ ಬರುವುದಾದರೆ, ನೀವು ನಿಂತು ಅವನಿಗೆ ದಾರಿ ಬಿಡಬೇಕು. ನಮ್ಮ ತುಮಕೂರಿನ ಅಂತರಸನಹಳ್ಳಿಯಲ್ಲಿ ಫ್ಯಾಕ್ಟರಿ ಬಿಡುವ ಹೊತ್ತಿಗೆ ಈ ನಿಯಮ ತಂದರೆ ನಮ್ಮವರು ಮಾರನೇ ದಿನದ ಶಿಫ್ಟಿನವರೆಗೆ ಅಲ್ಲೇ ನಿಂತಿರಬೇಕಾಗುತ್ತದೆ. ಅಲ್ಲಿ ಎಲ್ಲರೂ ಪಾಲಿಸುತ್ತಿದ್ದರು, ಎಲ್ಲರೂ ಅದನ್ನು ಬೈಯುತ್ತಲೂ ಇದ್ದರು. ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬರೂ ಡ್ರೈವರ್‌ಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ಶಾಲೆ ಮಕ್ಕಳೂ ಬಿಡುವುದಿಲ್ಲ. ಇದನ್ನು ನೋಡಿದಾಗಲೆಲ್ಲ ನನಗೆ ಒಂದು ಥರ ಕಸಿವಿಸಿ ಆಗುತ್ತಿತ್ತು.

ಕಸಿವಿಸಿಗೆ ಇನ್ನೂ ದೊಡ್ಡ ಕಾರಣ ಕಾರಿನ ಹೆಸರು. ಸಿಗ್ನಲ್ಲಿನಲ್ಲಿ ನಿಂತರೆ ಆ ಕಾರು ತಾನೇ ಇಂಜಿನ್ ನಿಲ್ಲಿಸುತ್ತದೆ. ಹೊರಡುವಾಗ ಬ್ಯಾಟರಿಯಲ್ಲಿ ಹೊರಟು, ಬೇಕೆನಿಸಿದಾಗ ಇಂಜಿನ್ ಹಚ್ಚಿಕೊಳ್ಳುತ್ತದೆ. ಮೊದಲ ಸಲ ಹಾಗೆ ನಿಂತಾಗ ಇಕ್ಬಾಲ್ ಹಿಂದಿನ ಸೀಟಿನಿಂದ ನಕ್ಕು ಒಂದು ಹೆಸರು ಹೇಳಿದ. "ನೋಡಿದ್ರಾ ಮಾವ, ಮತ್ತೆ ಆಫ್ ಮಾಡ್ಬುಟ್ಟ!"

ಅವನು ಹೇಳಿದ್ದು ನಮ್ಮ ಗುಬ್ಬಿ ಡ್ರೈವರ್‌ನ ಹೆಸರು. ಡೀಸೆಲ್ ಉಳಿಸಲು ಇಂಜಿನ್ ಆಫ್ ಮಾಡಿ ದಿಬ್ಬಣವನ್ನು ಹಳ್ಳಕ್ಕೆ ಹಾಕಿದ ಡ್ರೈವರ್‌ನ ಕಥೆಯನ್ನು ನಸೀಮಾ ಅವನಿಗೆ ಹೇಳಿದ್ದಳು. ಅಪಘಾತವಾದಾಗ ಅವಳು ಹೈಸ್ಕೂಲಿನಲ್ಲಿದ್ದಳು. ಮನೆಯಲ್ಲಿ ನಾನು ಹೇಳಿದ್ದನ್ನೇ ನಂಬಿ ಬೆಳೆದವಳು. ಕಾರು ಕೊಂಡಾಗ ಅದೂ ಹಾಗೇ ಆಫ್ ಮಾಡುವುದನ್ನು ನೋಡಿ ಗಂಡಹೆಂಡತಿ ಇಬ್ಬರೂ ಅದಕ್ಕೆ ಅವನ ಹೆಸರನ್ನೇ ಇಟ್ಟಿದ್ದರು. ಬ್ರಯನ್ ಕೂಡ ಆ ಹೆಸರನ್ನು ಕಷ್ಟಪಟ್ಟು, ಅರ್ಧಕ್ಕೆ ತುಂಡು ಮಾಡಿ ಕರೆಯುತ್ತಿದ್ದ.

ಸಮುದ್ರಗಳಾಚೆ, ಅವನನ್ನು ಕಂಡೇ ಇರದ ಜನ ಅವನ ಹೆಸರು ಹೇಳಿ ನಗುತ್ತಿದ್ದರು. ನಾನೂ ನಕ್ಕೆ.

ರಿಮುಟಾಕಾ ಗುಡ್ಡ, ಏರು

ಒಂದು ಶನಿವಾರ ರಿಮುಟಾಕಾ ಗುಡ್ಡ ಹತ್ತಿ ಇಳಿದು ಆಚೆಯ ಫೆದರ್‌ಸ್ಟನ್ ಎಂಬ ಪುಟ್ಟ ಊರಿಗೆ ಹೋಗೋಣ ಎಂದರು. ನಾನೇ ಓಡಿಸುತ್ತೇನೆ ಎಂದೆ. ಪಕ್ಕದಲ್ಲಿ ನಸೀಮಾ, ಹಿಂದೆ ಇಕ್ಬಾಲ್. ಅವನ ಪಕ್ಕ ಬಿರಿಯಾನಿ ಪಾತ್ರೆಗೆ ಕೂಡ ಸೀಟ್ ಬೆಲ್ಟ್.

ಏರು ಶುರುವಾಯಿತು. ಒಂದರ ಹಿಂದೆ ಒಂದು ತಿರುವು, ಒಂದು ಕಡೆ ಪ್ರಪಾತ. ನಾನು ನಮ್ಮೂರಿನ ಅಭ್ಯಾಸದಂತೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದೆ. ಅರ್ಧ ಗುಡ್ಡದಲ್ಲಿ ಮೀಟರ್ ಪಕ್ಕ ಹಳದಿ ದೀಪವೊಂದು ಹತ್ತಿತು. ನೋಡಿದರೆ ಆಮೆಯ ಚಿತ್ರ.

"ಇದೇನೇ, ಆಮೆ?"

"ಬ್ಯಾಟರಿ ಸುಸ್ತಾಗಿದೆ ಅಂತ ಅಬ್ಬಾ. ಮೆಲ್ಲಗ್ ಹೋಗಿ."

ಮೆಲ್ಲಗೆ ಹೋಗುವುದು ಆಮೇಲೆ ನನ್ನ ಇಷ್ಟವಾಗಿರಲಿಲ್ಲ. ಗಾಡಿಯೇ ನಿಧಾನವಾಯಿತು. ಹಿಂದೆ ಏಳೆಂಟು ಕಾರು ಸಾಲಾದವು. ನಿಧಾನ ಹೋಗುವವರು ಪಕ್ಕಕ್ಕೆ ಸರಿಯಲೆಂದೇ ಮಾಡಿಟ್ಟ ಜಾಗದಲ್ಲಿ ಸರಿದೆ. ದಾಟಿದವರೆಲ್ಲ ಒಬ್ಬೊಬ್ಬರಾಗಿ ಪೀಂ, ಪೀಂ ಎಂದು ಹಾರ್ನ್ ಹೊಡೆದರು. ಹದಿನೈದು ದಿನದಲ್ಲಿ ಹಾರ್ನನ್ನೇ ಕೇಳದಿದ್ದ ನನಗೆ ರೋಷ ಉಕ್ಕಿತು.

"ಏನ್ಲಾ ನಿಂದು, ದಾರಿ ಬಿಟ್ಟಿಲ್ವೇನ್ಲಾ!" ಎಂದು ಕಿಟಕಿಯಿಂದ ಕೂಗಿದೆ.

ಇಕ್ಬಾಲ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಮಾವ, ಅವ್ರು ಥ್ಯಾಂಕ್ಸ್ ಹೇಳ್ತಾವ್ರೆ! ಇಲ್ಲಿ ದಾರಿ ಬಿಟ್ರೆ ಹಂಗೆ ಒಂದ್ಸಲ ಒತ್ತಿ ಹೋಗ್ತಾರೆ."

ಕೊನೆಯವನಿಗೆ ನಾಚಿಕೆಯಿಂದ ಕೈ ಬೀಸಿದೆ. ಆಮೆಯ ಜೊತೆ ನಾವೂ ಗುಡ್ಡದ ನೆತ್ತಿ ಮುಟ್ಟಿದೆವು. ಅಲ್ಲಿ ನಿಂತು ಬಿರಿಯಾನಿ ತಿಂದೆವು. ಗಾಳಿಗೆ ಅನ್ನದ ಅಗುಳು ಹಾರಿ ಇಕ್ಬಾಲ್‌ನ ಗಡ್ಡದಲ್ಲಿ ಕೂತವು.

ಇಳಿಜಾರು

ಇಳಿಯುವ ದಾರಿ ಇನ್ನೂ ಕಡಿದು. ಎರಡನೇ ತಿರುವು ದಾಟಿ ಕಾಲು ಆಕ್ಸಿಲರೇಟರ್‌ನಿಂದ ತೆಗೆದೆ. ಇಂಜಿನ್ ನಿಂತಿತು.

ಸಿಗ್ನಲ್ಲಿನಲ್ಲಿ ನಿಂತಾಗ ಅದು ನಿಲ್ಲುವುದು ನನಗೆ ಗೊತ್ತಿತ್ತು. ಇಷ್ಟು ಇಳಿಜಾರಿನಲ್ಲಿ, ಓಡುತ್ತಿರುವಾಗ ನಿಂತದ್ದು ಅದೇ ಮೊದಲು. ಗಾಳಿಯ ಸದ್ದು, ಟೈರಿನ ಸದ್ದು, ಬೇರೆ ಏನೂ ಇಲ್ಲ. ಆ ನಿಶ್ಶಬ್ದ ನನಗೆ ಹನ್ನೊಂದು ವರ್ಷದಿಂದ ಗೊತ್ತು. ಇಂಜಿನ್ ನಿಂತ ಗಾಡಿಯಲ್ಲಿ ಇನ್ನೆರಡು ಸಲ ಬ್ರೇಕ್ ಒತ್ತಿದರೆ ಪೆಡಲ್ ಕಲ್ಲಾಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ ಎಂದು ಕಾದೆ. ಬಾಯಿಂದ ಬಂದದ್ದು ಇದು:

"ಕೀ ಯಾಕೆ ಮುಟ್ದೆ? ನೀನೇ ಕಣೇ ಆಫ್ ಮಾಡಿದ್ದು! ನೀನೇ!"

ನಸೀಮಾ ಎರಡೂ ಕೈಯನ್ನು ಮೇಲೆ ಎತ್ತಿ ತೋರಿಸಿದಳು. ಒಂದರಲ್ಲಿ ಕಿತ್ತಳೆ, ಇನ್ನೊಂದರಲ್ಲಿ ಅದರ ಸಿಪ್ಪೆ.

"ನಾನ್ಯಾಕ್ ಮುಟ್ಲಿ ಅಬ್ಬಾ? ಇಳಿಜಾರಲ್ಲಿ ತಾನೇ ಆಫ್ ಆಗ್ತದೆ, ಬ್ಯಾಟರಿ ತುಂಬ್ಕೊತದೆ. ಬ್ರೇಕ್ ಹಿಡೀತದೆ, ಒತ್ತಿ ನೋಡಿ."

ಒತ್ತಿದೆ. ಹಿಡಿಯಿತು. ಮತ್ತೆ ಒತ್ತಿದೆ. ಮೂರನೇ ಸಲವೂ ಮೆತ್ತಗೆ ಹಿಡಿಯಿತು.

ಹಿಂದಿನಿಂದ ಇಕ್ಬಾಲ್ ಸಮಾಧಾನ ಮಾಡಲೆಂದೇ ಆ ಹೆಸರು ಹೇಳಿ, "ಇವ್ನು ಆ ಡ್ರೈವರ್ ಥರಾ ಅಲ್ಲ ಮಾವ, ಆಫ್ ಮಾಡುದ್ರೂ ಹಳ್ಳಕ್ಕೆ ಹಾಕಲ್ಲ" ಎಂದ.

ಅಗಲವಾದ ಒಂದು ಜಾಗ ಸಿಕ್ಕಿತು. ಕಾರು ನಿಲ್ಲಿಸಿ, ಕೆಳಗಿಳಿದು, ಬೇಲಿಯ ತಂತಿ ಹಿಡಿದುಕೊಂಡೆ. ನಸೀಮಾ ನೀರಿನ ಬಾಟಲಿ ಹಿಡಿದು ಬಂದಳು. ಭಯ ಆಯಿತೇ ಎಂದು ಕೇಳಿದಳು. ಅವಳ ಮುಖ ನೋಡದೆ ಹೇಳಿದೆ.

ಕುಣಿಗಲ್ ರಸ್ತೆ

ಅವಳಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ.

ಗುಬ್ಬಿಯಿಂದ ತುಮಕೂರಿನ ಮೇಲೆ ಕುಣಿಗಲ್‌ಗೆ ಗಂಡಿನ ಕಡೆಯ ದಿಬ್ಬಣ. ಹನ್ನೊಂದು ಜನ, ಎಲ್ಲರೂ ಡ್ರೈವರ್‌ನ ಬೀದಿಯವರೇ. ಅವನು ಓಡಿಸುತ್ತಾನೆ ಎಂದೇ ನನ್ನ ವ್ಯಾನು ಗೊತ್ತು ಮಾಡಿದ್ದರು. ನಾನು ಎಡಗಡೆ ಸೀಟಿನಲ್ಲಿ ಕೂತಿದ್ದೆ. ಇಳಿಜಾರಿನಲ್ಲಿ ಇಂಜಿನ್ ನಿಲ್ಲಿಸಿ ಡೀಸೆಲ್ ಉಳಿಸುವುದು ನನ್ನ ಚಟ. ನನ್ನ ಬೇರೆ ಡ್ರೈವರ್‌ಗಳು ಮಾಡುತ್ತಿದ್ದರು. ಇವನೊಬ್ಬ ಮಾಡುತ್ತಿರಲಿಲ್ಲ. "ಇಂಜಿನ್ ಓಡ್ತಿದ್ರೇ ಬ್ರೇಕಿಗೆ ಜೀವ ಸಾಬ್ರೇ, ನನ್ ಕೈಲಾಗಲ್ಲ" ಎನ್ನುತ್ತಿದ್ದ.

ಹೆಬ್ಬೂರು ದಾಟಿ ಇಳಿಜಾರು ಬಂತು. ನ್ಯೂಟ್ರಲ್ ಮಾಡು ಎಂದೆ. ಮಾಡಿದ. ಆಫ್ ಮಾಡು ಎಂದೆ. ಮಾಡಲಿಲ್ಲ. ಆ ಕಾಲದ ಡೀಸೆಲ್ ವ್ಯಾನಿನಲ್ಲಿ ಇಂಜಿನ್ ನಿಲ್ಲಿಸಲು ಡ್ಯಾಶ್‌ಬೋರ್ಡಿನ ನಡುವೆ ಎಳೆಯುವ ಒಂದು ಗುಂಡಿ ಇರುತ್ತಿತ್ತು. ಎಡಗಡೆ ಕೂತವನಿಗೂ ಎಟಕುತ್ತಿತ್ತು. ಕೈ ಚಾಚಿ ನಾನೇ ಎಳೆದೆ.

"ಬ್ಯಾಡಿ ಸಾಬ್ರೇ, ಜನ ಕೂತವ್ರೆ" ಎಂದು ನನಗಷ್ಟೇ ಕೇಳುವಂತೆ ಹೇಳಿದ.

"ಸುಮ್ನೆ ಓಡ್ಸೋ" ಎಂದೆ.

ತೆಂಗಿನಕಾಯಿ ತುಂಬಿದ ಎತ್ತಿನ ಗಾಡಿಯೊಂದು ಪಕ್ಕದ ದಾರಿಯಿಂದ ಅಡ್ಡ ಬಂತು. ಅವನು ಬ್ರೇಕ್ ಒತ್ತಿದ. ಒಂದು ಸಲ, ಎರಡು ಸಲ. ಮೂರನೆಯದಕ್ಕೆ ಪೆಡಲ್ ಕಲ್ಲಾಯಿತು. ಗೇರಿಗೆ ಹಾಕಲು ಸಮಯವಿರಲಿಲ್ಲ. ಅವನು ವ್ಯಾನನ್ನು ಬೇಕೆಂದೇ ಹಳ್ಳಕ್ಕೆ ತಿರುಗಿಸಿದ. ತಿರುಗಿಸದಿದ್ದರೆ ಗಾಡಿ ಹೊಡೆಯುತ್ತಿದ್ದವನೂ ಎತ್ತುಗಳೂ ಉಳಿಯುತ್ತಿರಲಿಲ್ಲ. ಮದುಮಗನ ಸೋದರತ್ತೆಯ ಸೊಂಟ ಮುರಿಯಿತು. ಆಕೆ ಬದುಕಿರುವವರೆಗೂ ಕೋಲು ಹಿಡಿದು ನಡೆದರು.

ಹಳ್ಳದ ಪಕ್ಕ ನಿಂತು ಮದುಮಗನ ಸೋದರಮಾವ ಕೇಳಿದರು, "ಇಂಜಿನ್ ಸದ್ದೇ ಇರ್ಲಿಲ್ವಲ್ಲ, ಯಾರು ಆಫ್ ಮಾಡಿದ್ದು?"

ನಾನು ಹೇಳಿದೆ: "ಎಷ್ಟ್ ಸಲ ಹೇಳಿದ್ರೂ ಇವ್ರು ಕೇಳಲ್ಲ ಸ್ವಾಮಿ. ಇಳಿಜಾರು ಕಂಡ್ರೆ ಡೀಸೆಲ್ ಉಳ್ಸಕ್ ಹೋಗ್ತಾರೆ."

ಸಾಬರ ವ್ಯಾನು, ಹಿಂದೂಗಳ ದಿಬ್ಬಣ, ಎಳೆದವನು ನಾನು ಎಂದಿದ್ದರೆ ಗಲಾಟೆಯಾಗುತ್ತಿತ್ತು ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಸುಳ್ಳು. ಅಲ್ಲಿದ್ದವರು ಅಂಥ ಜನ ಅಲ್ಲ. ಮಾಲೀಕನೇ ಹೀಗೆ ಮಾಡುತ್ತಾನೆ ಎಂದು ಗೊತ್ತಾದರೆ ಬಾಡಿಗೆ ಸಿಗುವುದಿಲ್ಲ ಎಂಬ ಭಯ, ಅಷ್ಟೇ.

ಡ್ರೈವರ್ ನನ್ನ ಮುಖ ನೋಡಿದ. ಓರೆಯಾಗಿ ನಿಂತ ವ್ಯಾನಿನೊಳಗೆ ಕೈ ಹಾಕಿ, ಹೊರಗೆ ಎಳೆದೇ ಇದ್ದ ಆ ಗುಂಡಿಯನ್ನು ಒಂದೇ ಬೆರಳಿನಿಂದ ಒಳಗೆ ತಳ್ಳಿದ.

ಆರು ತಿಂಗಳು ಅವನ ಲೈಸೆನ್ಸ್ ಹೋಯಿತು. ಅದು ವಾಪಸ್ಸು ಬಂತು, ಆದರೆ ಗುಬ್ಬಿಯಲ್ಲಾಗಲಿ ತುಮಕೂರಿನಲ್ಲಾಗಲಿ ಯಾರೂ ಅವನ ಕೈಗೆ ಸ್ಟೀರಿಂಗ್ ಕೊಡಲಿಲ್ಲ. ಅಂತರಸನಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಗೇಟು ಕಾಯುವ ಕೆಲಸ ಹಿಡಿದ. ಬಸ್ಸಿನಲ್ಲಿ ಹೋಗುವಾಗ ಅವನು ಲಾರಿಗಳಿಗೆ ಗೇಟು ತೆಗೆಯುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಇದನ್ನೆಲ್ಲ ಕೇಳಿದ ನಸೀಮಾ ಬಾಟಲಿಯ ಮುಚ್ಚಳ ಹಾಕಿದಳು.

"ನಂಗ್ ಹೇಳಿ ಏನ್ ಬಂತು ಅಬ್ಬಾ? ನಾನೇನ್ ಗುಬ್ಬಿಯವ್ಳಾ?"

ಉಳಿದ ದಾರಿ ಅವಳೇ ಓಡಿಸಿದಳು. ಫೆದರ್‌ಸ್ಟನ್‌ನಲ್ಲಿ ನಾವು ತಿಂದ ಕೇಕು ಚೆನ್ನಾಗಿತ್ತು ಎಂದು ನೆನಪು. ಮಾರನೇ ದಿನ ಸಿಗ್ನಲ್ಲಿನಲ್ಲಿ ಇಂಜಿನ್ ನಿಂತಾಗ ಇಕ್ಬಾಲ್ ಬಾಯಿ ತೆರೆದವನು ಹೆಸರನ್ನು ನುಂಗಿಕೊಂಡ, ನಸೀಮಾ ಅವನಿಗೆ ಹೇಳಿರಬೇಕು. ನಾನಿದ್ದಷ್ಟು ದಿನ ಆ ಕಾರಿಗೆ ಮತ್ತೆ ಹೆಸರಿರಲಿಲ್ಲ. ಏನೂ ಗೊತ್ತಿಲ್ಲದ ಬ್ರಯನ್ ಮಾತ್ರ ಕರೆಯುತ್ತಲೇ ಇದ್ದ.

ಗುಬ್ಬಿ

ಊರಿಗೆ ಬಂದ ಎರಡನೇ ಭಾನುವಾರ ಗುಬ್ಬಿಗೆ ಹೋದೆ. ಅವನು ಮನೆಯ ಮುಂದೆ ಸ್ಟೂಲಿನ ಮೇಲೆ ಕೂತು ಶೇವ್ ಮಾಡಿಕೊಳ್ಳುತ್ತಿದ್ದ. ನನ್ನನ್ನು ಕಂಡು ಅರ್ಧ ಗಡ್ಡದಲ್ಲೇ ಎದ್ದ.

"ಬನ್ನಿ ಸಾಬ್ರೇ. ಫಾರಿನ್‌ಗೆ ಹೋಗಿದ್ರಂತೆ?"

ಸ್ಟೂಲನ್ನು ನನಗೆ ಕೊಟ್ಟು ತಾನು ಮೆಟ್ಟಿಲ ಮೇಲೆ ಕೂತ. ಟೀ ಬಂತು. ಗಾಳಿಯ ಸುದ್ದಿ ಹೇಳಿದೆ, ಬೂಟಿನ ಸುದ್ದಿ ಹೇಳಿದೆ. ಮಾತು ಬೆಳೆಯುತ್ತ ಬೆಳೆಯುತ್ತ ಕಾರಿನ ಸುದ್ದಿಗೆ ಬಂದೆ.

"ಇಳಿಜಾರಲ್ಲಿ ಅದೇ ಇಂಜಿನ್ ಆಫ್ ಮಾಡ್ಕೊತದೆ ಕಣಪ್ಪ" ಎಂದೆ.

ಅವನು ಲೋಟ ಕೆಳಗಿಟ್ಟ. "ಅದೇ?"

"ಅದೇ. ಯಾರೂ ಮುಟ್ಟಂಗಿಲ್ಲ."

"ಬ್ರೇಕ್ ಹಿಡೀತದಾ?"

"ಹಿಡೀತದೆ. ಮೂರ್ ಸಲ ಒತ್ತಿ ನೋಡ್ದೆ."

ಅರ್ಧ ಮುಖದ ಮೇಲಿನ ನೊರೆ ಒಣಗುತ್ತಿತ್ತು. ಅವನು ನನ್ನನ್ನೇ ನೋಡುತ್ತ ಕಾದ. ನನ್ನ ನಾಲಿಗೆಯ ತುದಿಗೆ ಬಂದಿತ್ತು. ಬೀದಿಯಲ್ಲಿ ಜನ ಓಡಾಡುತ್ತಿದ್ದರು, ಅವರಲ್ಲಿ ಆ ದಿಬ್ಬಣದವರೂ ಇದ್ದಿರಬಹುದು. ನಾನು ಟೀ ಕುಡಿದೆ.

"ಹಂಗಾದ್ರೆ ಒಳ್ಳೇ ಗಾಡಿ ಬುಡಿ ಸಾಬ್ರೇ" ಎಂದು ಅವನು ಕನ್ನಡಿ ಎತ್ತಿಕೊಂಡ.

ಬಸ್ ಸ್ಟ್ಯಾಂಡಿನವರೆಗೆ ಬಂದು ಹತ್ತಿಸಿ ಹೋದ. ಇನ್ನೊಂದು ಸಲ ಬಂದಾಗ ಹೇಳುತ್ತೇನೆ ಎಂದುಕೊಂಡೆ. ಎರಡು ವರ್ಷ ಹೀಗೇ ಹೋಯಿತು. ಒಂದು ದಿನ ಅವನು ತೀರಿಕೊಂಡ ಸುದ್ದಿ ಬಂತು. ಮಣ್ಣಿಗೆ ಹೋಗಿದ್ದೆ. ಅಲ್ಲಿಯೂ ಯಾರೋ ಒಬ್ಬರು, ಒಳ್ಳೆಯವನು, ಆ ಒಂದು ಇಳಿಜಾರು ಅವನನ್ನು ಕೆಡಿಸಿತು ಎಂದರು. ನಾನು ತಲೆ ಆಡಿಸಿದೆ.

ಗುಬ್ಬಿಯವರು ಯಾರಾದರೂ ಇದನ್ನು ಓದಿದರೆ, ಅವನ ಬೀದಿಯಲ್ಲಿ ಗಟ್ಟಿಯಾಗಿ ಓದಿ ಹೇಳಿ. ಅವತ್ತು ಗುಂಡಿ ಎಳೆದವನು ನಾನು. ಬೇಡ ಎಂದವನು, ಅಡ್ಡ ಬಂದ ಎತ್ತಿನ ಗಾಡಿಯವನ ಪ್ರಾಣ ಉಳಿಸಿದವನು ನಿಮ್ಮವನು, ಡ್ರೈವರ್ ಹನುಮಂತರಾಯಪ್ಪ.